ಹೆಗ್ ಹೂವಿನ ಬೆನ್ನು ಹಿಡಿದು ಉತ್ತರಕ್ಕೆ

ಬರ್ಡ್ ಚೆರ್ರಿ ಎಂಬ ಬಿಳಿ ಹೂವಿನ ಮರ ಐರ್ಲೆಂಡಿನಿಂದ ಜಪಾನಿನವರೆಗೆ ತಂಪು ನಾಡಿನ ಹೊಳೆದಂಡೆಗಳಲ್ಲಿ ಬೆಳೆಯುತ್ತದೆ. ಬರೀ ಮರ ನೋಡಲು ಇಂಥಲ್ಲಿಗೇ ಹೋಗಬೇಕೆಂದಿಲ್ಲ. ಮರದ ಜೊತೆಗೆ ಅದರ ಸಸ್ಯಶಾಸ್ತ್ರೀಯ ಹೆಸರು ಹುಟ್ಟಿದ ಊರನ್ನೂ ನೋಡಬೇಕೆಂದರೆ ಸ್ವೀಡನ್ನಿಗೇ ಹೋಗಬೇಕು. ಅಲ್ಲಿ ಇದಕ್ಕೆ ‘ಹೆಗ್’ ಎನ್ನುತ್ತಾರೆ. ವರ್ಷದ ಅತ್ಯಂತ ಹಿತವಾದ ದಿನಗಳಿಗೆ ಸ್ವೀಡನ್ನಿನವರು ‘ಹೆಗ್ ಮತ್ತು ಲೈಲಾಕ್ ನಡುವೆ’ ಎನ್ನುವುದು ರೂಢಿ: ಹೆಗ್ ಅರಳಿದ ದಿನದಿಂದ ಲೈಲಾಕ್ ಅರಳುವವರೆಗಿನ ಕಿರು ಅವಧಿ ಅದು.

ಈ ಪ್ರವಾಸದ ಲೆಕ್ಕಾಚಾರ ಸರಳ. ಒಂದು ಊರಿನಲ್ಲಿ ಹೆಗ್ ಹೂ ನಿಲ್ಲುವುದು ವಾರ, ಹತ್ತು ದಿನ. ಬಿಸಿಲು ಜೋರಾದರೆ ಅಷ್ಟೂ ಇಲ್ಲ. ಆದರೆ ಸ್ವೀಡನ್ ಉದ್ದನೆಯ ದೇಶ. ದಕ್ಷಿಣದ ಸ್ಕೋನೆ ಪ್ರಾಂತ್ಯದಲ್ಲಿ ಮೇ ಶುರುವಿಗೇ ಅರಳುವ ಹೆಗ್, ಉಪ್ಸಾಲಾದಲ್ಲಿ ಮೇ ಮಧ್ಯದ ಆಚೀಚೆ, ಉಮಿಯೋದಲ್ಲಿ ಜೂನ್ ಹೊತ್ತಿಗೆ, ಆರ್ಕ್‌ಟಿಕ್ ವೃತ್ತದಾಚೆ ಜೂನ್ ಮಧ್ಯ ಕಳೆದ ಮೇಲೆ ಅರಳುತ್ತದೆ. ಮೇ 25ರ ಸುಮಾರಿಗೆ ಉಪ್ಸಾಲಾದಿಂದ ಹೊರಟು ರೈಲಿನಲ್ಲಿ ಉತ್ತರಕ್ಕೆ ಹೋದರೆ ಉದುರಿದ ಎಸಳಿನಿಂದ ಬಿಗಿದ ಮೊಗ್ಗಿನವರೆಗೆ ಮರದ ವಸಂತವನ್ನು ಹಿಂದುಮುಂದಾಗಿ ಒಂದು ವಾರದಲ್ಲಿ ನೋಡಬಹುದು. ವರ್ಷದಿಂದ ವರ್ಷಕ್ಕೆ ಹತ್ತು ದಿನದಷ್ಟು ಏರುಪೇರು ಮಾಮೂಲು. ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯ ನಡೆಸುವ ‘ನಾತುರೆನ್ಸ್ ಕಲೆಂಡರ್’ ತಾಣದಲ್ಲಿ ಎಲ್ಲಿ ಯಾವ ಗಿಡ ಚಿಗುರಿದೆ, ಯಾವುದು ಅರಳಿದೆ ಎಂದು ಜನರೇ ದಾಖಲಿಸುತ್ತಾರೆ. ಟಿಕೆಟ್ ತೆಗೆಯುವ ಮುನ್ನ ಅದನ್ನೊಮ್ಮೆ ನೋಡಿದರೆ ಒಳ್ಳೆಯದು.

ಜೊತೆಗೆ ಇರಬೇಕಾದವು: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸ್, ಮಿಲಿಮೀಟರ್ ಗುರುತಿರುವ ಪುಟ್ಟ ಅಳತೆಪಟ್ಟಿ, ನೀರು ಒಳಬಿಡದ ಬೂಟು, ಬ್ಯಾಂಕ್ ಕಾರ್ಡ್. ಕೈಯಲ್ಲಿ ಎಷ್ಟೇ ಕ್ರೋನಾ ನೋಟು ಇದ್ದರೂ ಹಲವು ಅಂಗಡಿಗಳಲ್ಲಿ, ಬಸ್ಸುಗಳಲ್ಲಿ ತೆಗೆದುಕೊಳ್ಳುವುದಿಲ್ಲ. ಉಪ್ಸಾಲಾ ಸುತ್ತಿನ ಹುಲ್ಲಿನಲ್ಲಿ ಉಣುಗುಗಳಿವೆ. ಅವು ಮಿದುಳಿನ ಉರಿಯೂತ ತರುವ ವೈರಸ್ ಹರಡುವ ಪ್ರದೇಶಗಳಲ್ಲಿ ಅದೂ ಒಂದು. ಲಸಿಕೆಗೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕಾಗುವುದರಿಂದ ಹೊರಡುವ ವಾರದಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ ನಡೆಯುವುದು, ಸಂಜೆ ಮಂಡಿಯ ಹಿಂಭಾಗ, ಸೊಂಟ, ಕಂಕುಳು ನೋಡಿಕೊಳ್ಳುವುದು ಕಡ್ಡಾಯ.

ಇನ್ನೊಂದು ನಿಯಮವನ್ನು ಮೊದಲೇ ತಿಳಿದಿರಬೇಕು. ಯಾರದೇ ಕಾಡಿನಲ್ಲಾದರೂ ನಡೆದಾಡುವ ಹಕ್ಕು ಸ್ವೀಡನ್ನಿನಲ್ಲಿ ಎಲ್ಲರಿಗೂ ಇದೆ, ಆದರೆ ಬೆಳೆಯುತ್ತಿರುವ ಮರದ ರೆಂಬೆ ಮುರಿಯುವ ಹಕ್ಕು ಅದರಲ್ಲಿ ಸೇರಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ನಿಯಮ ಇನ್ನೂ ಬಿಗಿ. ಹೆಗ್ ತೊಗಟೆಯ ವಾಸನೆ ನೋಡಬೇಕೆಂದರೆ ಬುಡದಲ್ಲಿ ಬಿದ್ದ ಹಸಿ ಕಡ್ಡಿಯೊಂದನ್ನು ಉಗುರಿನಲ್ಲಿ ಗೀಚಿದರಾಯಿತು.

ಮೊದಲ ದಿನ: ಉಪ್ಸಾಲಾ

ಬೆಳಿಗ್ಗೆ ಸ್ವಾರ್ಟ್‌ಬೆಕ್ಸ್ ಬೀದಿಯ ಲಿನೇಯಸ್ ತೋಟ. 1655ರಲ್ಲಿ ಹಿರಿಯ ಓಲೋಫ್ ರುಡ್‌ಬೆಕ್ ಹಾಕಿಸಿದ ತೋಟ ಇದು. ಹೆಗ್ ಮರಕ್ಕೆ ಸಸ್ಯಶಾಸ್ತ್ರೀಯ ಹೆಸರಿಟ್ಟ ಸಸ್ಯಶಾಸ್ತ್ರಜ್ಞ, 1741ರಲ್ಲಿ ಇಲ್ಲಿಗೆ ಪ್ರಾಧ್ಯಾಪಕನಾಗಿ ಬಂದ ಕಾರ್ಲ್ ಲಿನೇಯಸ್ ಇದನ್ನು ತನ್ನ ವರ್ಗೀಕರಣಕ್ಕೆ ತಕ್ಕಂತೆ ಹೊಸದಾಗಿ ಕಟ್ಟಿಸಿದ. ತೋಟ ತೆರೆದಿರುವುದು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ, ಹಾಗಾಗಿ ದಿನ ಮತ್ತು ವೇಳೆ ಮೊದಲೇ ವಿಚಾರಿಸಿಕೊಳ್ಳಬೇಕು. ಸಾಲುಸಾಲು ಪಾತಿಗಳಲ್ಲಿರುವುದು ಹೆಚ್ಚಾಗಿ ಸಣ್ಣ ಗಿಡಗಳು. ಇಲ್ಲಿಗೆ ಬರುವುದು ಮರಕ್ಕಾಗಿ ಅಲ್ಲ, ಹೆಸರಿಡುವ ಹಿಂದಿನ ಲೆಕ್ಕ ಅರ್ಥಮಾಡಿಕೊಳ್ಳಲು.

ಲಿನೇಯಸ್ ಗಿಡಗಳನ್ನು ವಿಂಗಡಿಸಿದ್ದು ಕೇಸರ, ಎಂದರೆ ಹೂವಿನ ಪರಾಗ ಹೊತ್ತ ಎಳೆಗಳನ್ನು ಎಣಿಸಿ. ಇಪ್ಪತ್ತು ಅಥವಾ ಹೆಚ್ಚು ಕೇಸರಗಳಿದ್ದು ಅವು ಎಸಳಿನ ಕೆಳಗಿನ ಹಸಿರು ಬಟ್ಟಲಾದ ಪುಷ್ಪಪಾತ್ರೆಯ ಅಂಚಿಗೆ ಅಂಟಿಕೊಂಡಿದ್ದರೆ ಆ ಹೂ ‘ಇಕೊಸಾಂಡ್ರಿಯಾ’ ವರ್ಗಕ್ಕೆ ಸೇರಿತು. ಅದರೊಳಗೆ ಶಲಾಕೆ (ಹೂವಿನ ನಡುವಿನ ಹೆಣ್ಣುಭಾಗದ ಕಡ್ಡಿ) ಒಂದೇ ಇದ್ದರೆ ‘ಮೊನೊಗೈನಿಯಾ’. ಚೆರ್ರಿ, ಪ್ಲಮ್, ಬಾದಾಮಿ, ಹೆಗ್ ಎಲ್ಲ ಬಂದು ನಿಲ್ಲುವುದು ಈ ಒಂದೇ ಗುಂಪಿನಲ್ಲಿ. 1737ರಲ್ಲಿ ಅವನು ಇವುಗಳನ್ನು ನಾಲ್ಕು ಕುಲಗಳಾಗಿ ಹಂಚಿದ್ದ, ಪಾಡಸ್ ಅದರಲ್ಲೊಂದು. 1753ರಲ್ಲಿ ‘ಸ್ಪೀಷೀಸ್ ಪ್ಲಾಂಟಾರಮ್’ ಎಂಬ ಅವನ ಪುಸ್ತಕ ಅಚ್ಚಾಗುವಾಗ ಪಾಡಸ್ ಕುಲವನ್ನು ಬಿಟ್ಟು ಮರವನ್ನು ಪ್ರೂನಸ್ ಕುಲಕ್ಕೆ ತಂದ. ಹಳೆಯ ಕುಲನಾಮ ಅಂಚಿನಲ್ಲಿ ಪ್ರಭೇದದ ಹೆಸರಾಗಿ ಉಳಿಯಿತು. ಪ್ರೂನಸ್ ಪಾಡಸ್ ಆದದ್ದು ಹೀಗೆ.

ಆ ಪುಟದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಎರಡು ಪದದ ಹೆಸರಲ್ಲ, ಪಕ್ಕದಲ್ಲಿರುವ ಉದ್ದನೆಯ ಲ್ಯಾಟಿನ್ ಸಾಲು. ಅದರ ಸಾರ ಇಷ್ಟು: ಹೂ ಗೊಂಚಲಾಗಿ ಬಿಡುವ, ಎಲೆ ಉದುರಿಸುವ, ಎಲೆಯ ಬುಡದ ಕೆಳಗೆ ಎರಡು ಗ್ರಂಥಿಗಳಿರುವ ಪ್ರೂನಸ್. ಇದು ಹೆಸರೂ ಹೌದು, ಗುರುತು ಹಿಡಿಯುವ ಪಟ್ಟಿಯೂ ಹೌದು. ಗೊಂಚಲು ಎಂದ ಕೂಡಲೇ ನಾಲ್ಕಾರು ಹೂಗಳ ಗುಂಪಿನ ಸಾಮಾನ್ಯ ಚೆರ್ರಿ ಹೊರಗಾಯಿತು. ಎಲೆ ಉದುರಿಸುತ್ತದೆ ಎಂದಾಗ ಸದಾ ಹಸಿರಾಗಿರುವ ಚೆರ್ರಿ ಲಾರೆಲ್ ಹೊರಗಾಯಿತು. ಗ್ರಂಥಿ ಇದ್ದ ಜಾಗ ಅಮೆರಿಕದ ಸೋದರ ಪ್ರಭೇದಗಳಿಂದ ಇದನ್ನು ಬೇರ್ಪಡಿಸಲಿ ಎಂದು ಹಾಕಿದ್ದು. ಈ ಮೂರನೆಯದು ಅಷ್ಟೇನೂ ನಂಬುವಂಥದ್ದಲ್ಲ, ಏಕೆಂದರೆ ಪ್ರೂನಸ್ ಕುಲದಲ್ಲಿ ಗ್ರಂಥಿ ಸುಮಾರು ಎಲ್ಲರಿಗೂ ಇದೆ. ಮೊದಲ ಎರಡು ಇಂದಿಗೂ ಗಟ್ಟಿ. ಈ ಸಾಲನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮುಂದೆ ಸಿಗುವ ಪ್ರತಿ ಮರದ ಮೇಲೆ ಒರೆಹಚ್ಚುತ್ತ ಹೋಗಬಹುದು.

ಲಿನೇಯಸನ ಒಣಗಿಡಗಳ ಸಂಗ್ರಹ ಇಲ್ಲಿದೆ ಎಂದುಕೊಂಡು ಬರುವವರಿದ್ದಾರೆ. ಅವನು ತೀರಿಕೊಂಡ ಮೇಲೆ 1784ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಂಗ್ಲಿಷ್ ತರುಣ ಅದನ್ನು ಕೊಂಡ. ಈಗ ಅದು ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿದೆ.

ಮಧ್ಯಾಹ್ನ ಫ್ಯೂರಿಸ್ ನದಿಯ ದಂಡೆ ಹಿಡಿದು ದಕ್ಷಿಣಕ್ಕೆ ನಡೆಯುವುದು. ಊರು ಮುಗಿಯುತ್ತಿದ್ದಂತೆ ತೇವದ ಹುಲ್ಲುಗಾವಲು ಶುರು. ದಂಡೆಯ ಪೊದೆಸಾಲಿನಲ್ಲಿ ವಿಲೋ, ಆಲ್ಡರ್ ನಡುವೆ ಹೆಗ್ ಸಿಗುತ್ತದೆ. ಈ ಹೊತ್ತಿಗೆ ಎಸಳು ಉದುರಿ ನೆಲವೆಲ್ಲ ಬಿಳಿಯಾಗಿರುತ್ತದೆ. ಗೊಂಚಲಿನಲ್ಲಿ ಉಳಿದದ್ದು ಕಂದಿದ ಕೇಸರ, ಸಾಸಿವೆಗಾತ್ರದ ಹಸಿರು ಕಾಯಿ. ಲೆನ್ಸ್ ಹಿಡಿದು ತೊಟ್ಟಿನ ತುದಿ ನೋಡಿ. ಎಲೆ ಶುರುವಾಗುವ ಜಾಗದಲ್ಲಿ ಎದುರುಬದುರಾಗಿ ಎರಡು ಸಣ್ಣ ಗಂಟು, ಕೆಲವು ಮರಗಳಲ್ಲಿ ಹಸಿರು, ಕೆಲವದರಲ್ಲಿ ಕೆಂಪು. ಎಳೆಯ ಎಲೆಯಲ್ಲಿ ಅವು ಸಿಹಿರಸ ಸೂಸುವುದರಿಂದ ಇರುವೆಗಳು ಅಲ್ಲೇ ಸುಳಿದಾಡುತ್ತವೆ. ಗ್ರಂಥಿ ಹುಡುಕಲು ಇರುವೆಯ ಹಾದಿ ಹಿಡಿಯುವುದು ಸುಲಭದ ಉಪಾಯ.

ಎರಡನೆಯ ದಿನ: ಹಾಮ್ಮರ್‌ಬಿ ಹಾದಿ

ಲಿನೇಯಸ್ ತನ್ನ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಿದ್ದ ಎಂಟು ಕಾಲುದಾರಿಗಳನ್ನು ಉಪ್ಸಾಲಾ ಸುತ್ತ ಗುರುತು ಹಾಕಿ ಉಳಿಸಿದ್ದಾರೆ. ಡಾನ್‌ಮಾರ್ಕ್ ಎಂಬ ಹಳ್ಳಿಯ ದಾರಿ 1758ರಲ್ಲಿ ಅವನು ಕೊಂಡ ಹಾಮ್ಮರ್‌ಬಿ ತೋಟದ ಮನೆಗೆ ಮುಟ್ಟಿಸುತ್ತದೆ. ನಿಧಾನವಾಗಿ ನಡೆದರೆ ಅರ್ಧ ದಿನಕ್ಕಿಂತ ಹೆಚ್ಚೇ ಬೇಕು. ಬರುವಾಗ ಬಸ್ ಹಿಡಿಯಬಹುದು, ಆದರೆ ಹಳ್ಳಿ ಬಸ್ಸುಗಳು ಶನಿವಾರ, ಭಾನುವಾರ ಕಡಿಮೆ.

ದಾರಿಯ ಬಹುಭಾಗ ಬಯಲು ಹೊಲ, ಓಟ್ಸ್ ಮತ್ತು ಬಾರ್ಲಿ. ಹೆಗ್ ಮರಕ್ಕೂ ಈ ಬೆಳೆಗೂ ಒಂದು ನಂಟಿದೆ, ಅದು ರೈತರಿಗೆ ಬೇಡವಾದದ್ದು. ಸಾಲಿನಲ್ಲಿ ಒಂದು ಹೆಗ್ ಆರಿಸಿ ಎಲೆ ಮಗುಚಿ ನೋಡಿದರೆ ಅಂಚು ಕೆಳಕ್ಕೆ ಸುರುಳಿಯಾಗಿ, ಒಳಗೆ ಬೂದಿ ಬಣ್ಣದ ಮೇಣ ಹಚ್ಚಿಕೊಂಡ ಸಸ್ಯಹೇನುಗಳ ಗುಂಪು ಕಾಣುತ್ತದೆ. ಇದು ರೋಪಾಲೋಸೈಫಮ್ ಪಾಡಿ. ಶರತ್ಕಾಲದಲ್ಲಿ ಹೆಗ್ ಮೊಗ್ಗಿನ ಸಂದಿಯಲ್ಲಿ ಹೊಳೆಯುವ ಕಪ್ಪು ಮೊಟ್ಟೆಯಿಡುತ್ತದೆ. ವಸಂತದಲ್ಲಿ ಎಳೆ ಎಲೆಯ ಮೇಲೆ ಎರಡು ಮೂರು ತಲೆಮಾರು ಕಳೆದು, ರೆಕ್ಕೆ ಮೂಡಿದವು ಜೂನ್‌ನಲ್ಲಿ ಹೊಲಕ್ಕೆ ಹಾರುತ್ತವೆ. ರಸ ಹೀರುವುದು ಒಂದು ಹಾನಿ. ಬಾರ್ಲಿಯನ್ನು ಹಳದಿಯಾಗಿಸಿ ಕುಳ್ಳಾಗಿಸುವ ವೈರಸ್ ಹರಡುವುದು ಇನ್ನೂ ದೊಡ್ಡ ಹಾನಿ. ಚಳಿಗಾಲದಲ್ಲಿ ಹೆಗ್ ಕಡ್ಡಿ ಕೊಯ್ದು, ಮೊಗ್ಗಿಗೆ ಎಷ್ಟು ಮೊಟ್ಟೆ ಎಂದು ಎಣಿಸಿ, ಬರುವ ಬೇಸಿಗೆಗೆ ಹೇನಿನ ಕಾಟ ಎಷ್ಟಿರಬಹುದೆಂದು ಅಂದಾಜಿಸುವ ಪದ್ಧತಿ ನಾರ್ಡಿಕ್ ದೇಶಗಳಲ್ಲಿ ಬೆಳೆದದ್ದು ಇದೇ ಕಾರಣಕ್ಕೆ. ಎಣಿಸುವವರು ಒಂದೇ ಮರ ನೋಡಿ ತೀರ್ಮಾನಿಸುವುದಿಲ್ಲ. ಪಕ್ಕಪಕ್ಕದ ಮರಗಳಲ್ಲೇ ಅಜಗಜಾಂತರ ಇರುತ್ತದೆ.

ಹೊಲದ ಬದುವಿನಲ್ಲಿ ಕೆಲವು ಮರಗಳ ರೆಂಬೆಗಳಿಗೆ ನಸುಬಿಳಿ ಬಲೆ ಹಬ್ಬಿರುತ್ತದೆ. ಜೂನ್ ಹೊತ್ತಿಗೆ ಬಂದರೆ ಬುಡದಿಂದ ತುದಿವರೆಗೆ ಸೊಳ್ಳೆಪರದೆ ಹೊದಿಸಿದಂತೆ ಇಡೀ ಮರ ಮುಚ್ಚಿಹೋಗಿರುವುದೂ ಉಂಟು. ಎಲೆ ಒಂದೂ ಉಳಿದಿರುವುದಿಲ್ಲ. ಬಲೆ ಹೆಣೆದದ್ದು ಇಪೊನೊಮ್ಯೂಟ ಎವೊನಿಮೆಲ್ಲ ಎಂಬ ಪತಂಗದ ಮರಿಹುಳುಗಳು. ಪತಂಗ ಚಿಕ್ಕದು, ಬೆಳ್ಳಗೆ, ಮುಂದಿನ ರೆಕ್ಕೆಯ ಮೇಲೆ ಐದು ಸಾಲು ಕಪ್ಪು ಚುಕ್ಕೆ. ಲಿನೇಯಸ್ 1758ರಲ್ಲಿ ಇದಕ್ಕೆ ಹೆಸರಿಟ್ಟಾಗ ಯುಆನಿಮಸ್ ಎಂಬ ಬೇರೆಯೇ ಗಿಡದ ಹೆಸರು ಅಂಟಿಕೊಂಡಿತು, ಹುಳು ತಿನ್ನುವುದು ಹೆಗ್ ಎಲೆಯನ್ನು. ಪಾಡಸ್ ಹೆಸರನ್ನೇ ಹೊತ್ತ ಇನ್ನೊಂದು ಪತಂಗ ಇಪೊನೊಮ್ಯೂಟ ಪಾಡೆಲ್ಲ ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಪೊದೆಗಳಲ್ಲಿ ಬದುಕುತ್ತದೆ, ಹೆಗ್ ಮರಕ್ಕೆ ಬರುವುದಿಲ್ಲ. ಹುಳು ಕಂಡ ಮರವನ್ನು ಹುಳುವಿನ ಹೆಸರು ನೋಡಿ ಗುರುತಿಸ ಹೊರಟವರು ಎಡವುವುದು ಇಲ್ಲೇ.

ಬೋಳಾದ ಮರ ಸತ್ತಿತೆಂದು ಕಡಿಯುವವರಿದ್ದಾರೆ, ಔಷಧ ಸಿಂಪಡಿಸುವವರೂ ಇದ್ದಾರೆ. ಎರಡೂ ಬೇಕಿಲ್ಲ. ಹುಳುಗಳು ಜೂನ್ ಕೊನೆಗೆ ಕಾಂಡದ ಮೇಲೆ ಒತ್ತೊತ್ತಾಗಿ ಬಿಳಿ ಗೂಡು ಕಟ್ಟಿ ಕೋಶಾವಸ್ಥೆಗೆ ಹೋಗುತ್ತವೆ, ಮರ ಜುಲೈನಲ್ಲಿ ಮತ್ತೆ ಚಿಗುರುತ್ತದೆ. ಆ ವರ್ಷ ಹಣ್ಣು ಕಡಿಮೆ, ಅಷ್ಟೇ. ಬೇರೆ ಜಾತಿಯ ಮರಗಳಿಗೆ ಈ ಹುಳು ದಾಟುವುದಿಲ್ಲ. ಮರದ ಕೆಳಗೆ ಸೈಕಲ್ ನಿಲ್ಲಿಸಿದ್ದರೆ ಅದರ ಮೇಲೂ ಬಲೆ ಹಬ್ಬುತ್ತದೆ ಎಂಬುದು ಮಾತ್ರ ನಿಜ.

ಹಾಮ್ಮರ್‌ಬಿಯಲ್ಲಿ ನೋಡಬೇಕಾದದ್ದು ಲಿನೇಯಸ್ ಮಲಗುತ್ತಿದ್ದ ಕೋಣೆ. ಗೋಡೆಗೆ ಸಸ್ಯಚಿತ್ರಗಳ ಅಚ್ಚುಪುಟಗಳನ್ನೇ ಅಂಟಿಸಿದ್ದಾನೆ. ಹಿಂದಿನ ತೋಪಿನಲ್ಲಿ ಅವನ ಕಾಲದಿಂದ ತಾನೇ ಹಬ್ಬಿಕೊಂಡು ಬಂದ ಸೈಬೀರಿಯದ ಕೊರಿಡಾಲಿಸ್ ಹಳದಿ ಹೂ ಮೇ ತಿಂಗಳಲ್ಲಿ ಅರಳುತ್ತದೆ.

ಮೂರನೆಯ ದಿನ: ಡಾಲ್ ನದಿ ದಾಟಿ ಯೆವ್ಲೆಗೆ

ಇಂದಿನ ಲೆಕ್ಕದಲ್ಲಿ ಮೇ 23, ಆಗಿನ ಸ್ವೀಡನ್ನಿನ ಹಳೆಯ ಪಂಚಾಂಗದಲ್ಲಿ ಮೇ 12, 1732. ಆ ದಿನ ಲಿನೇಯಸ್ ಲ್ಯಾಪ್‌ಲ್ಯಾಂಡಿಗೆ ಕುದುರೆ ಹತ್ತಿ ಹೊರಟದ್ದು ಇದೇ ಯೆವ್ಲೆ ದಾರಿಯಲ್ಲಿ. ಮರುದಿನ ಅವನಿಗೆ 25 ತುಂಬುವುದಿತ್ತು. ಈಗ ಉಪ್ಸಾಲಾದಿಂದ ಯೆವ್ಲೆಗೆ ರೈಲಿನಲ್ಲಿ ಒಂದು ಗಂಟೆ ಸಾಕು. ಊರೂರಿಗೆ ನಿಲ್ಲುವ ಗಾಡಿ ಹಿಡಿದರೆ ಕಿಟಕಿಯಿಂದ ಹೆಚ್ಚು ಕಾಣುತ್ತದೆ. ಎಲ್ವ್‌ಕಾರ್ಲೆಬಿ ಬಳಿ ಡಾಲ್ ನದಿ ದಾಟುವಾಗ ಒಂದು ಗಡಿ ದಾಟಿದಂತೆ. ಓಕ್ ಮರಗಳ ನಾಡು ಇಲ್ಲಿಗೆ ಹೆಚ್ಚುಕಡಿಮೆ ಮುಗಿದು ಸ್ಪ್ರೂಸ್, ಪೈನ್ ಕಾಡು ಶುರುವಾಗುತ್ತದೆ. ಹೆಗ್ ಮರಕ್ಕೆ ಈ ಗಡಿಯ ಪರಿವೆಯಿಲ್ಲ.

ಯೆವ್ಲೆಯಲ್ಲಿ ನದಿದಂಡೆಯ ಬುಲೋನ್ಯರ್ ಉದ್ಯಾನದ ಕಡೆ ಒಂದು ಸಂಜೆ ಸಾಕು. ಊರೊಳಗಿನ ತೋಟಗಳಲ್ಲಿ ಗುಲಾಬಿ ಹೂವಿನ, ಎಳೆ ಎಲೆ ನೇರಳೆ ಕಂದಾಗಿರುವ ಹೆಗ್ ಕಂಡರೆ ಅದು ಬೇರೆ ಪ್ರಭೇದವಲ್ಲ, ದಕ್ಷಿಣ ಸ್ವೀಡನ್ನಿನ ಕಾಡಿನಲ್ಲಿ ಸಿಕ್ಕಿ ಕಸಿ ಮೂಲಕ ಹರಡಿದ ‘ಕೊಲೊರಾಟಾ’ ಎಂಬ ತಳಿ. ಗೊಂಚಲು ಅಸಾಧಾರಣ ಉದ್ದವಾಗಿ, 20 ಸೆಂ.ಮೀ.ವರೆಗೆ ಜೋತುಬಿದ್ದಿದ್ದರೆ ‘ವಾಟೆರೆರಿ’ ಇರಬಹುದು. ನೆಟ್ಟ ಮರಗಳನ್ನು ನೋಡಿ ಕಾಡುಮರದ ಅಳತೆ ಬರೆದುಕೊಳ್ಳುವುದು ತಪ್ಪು.

ನಾಲ್ಕನೆಯ ದಿನ: ಹರ್ನೋಸಾಂಡ್

ಯೆವ್ಲೆಯಿಂದ ಸುಂಡ್ಸ್‌ವಾಲ್ ದಾಟಿ ಹರ್ನೋಸಾಂಡ್. ಲೆಕ್ಕ ಸರಿಯಾಗಿದ್ದರೆ ಹೆಗ್ ತುಂಬಿ ಅರಳಿರುವುದು ಇಲ್ಲಿ. ಅವಸರ ಬೇಡ, ಇಡೀ ದಿನ ಒಂದೇ ಮರಕ್ಕೆ ಕೊಟ್ಟರೂ ನಷ್ಟವಿಲ್ಲ.

ಒಂದು ಗೊಂಚಲನ್ನು ಅಂಗೈ ಮೇಲೆ ಮಲಗಿಸಿಕೊಂಡು ಬುಡದಿಂದ ಶುರುಮಾಡಿ. ಗೊಂಚಲಿನ ಕಡ್ಡಿಯ ಬುಡದಲ್ಲಿ ಎರಡು ಮೂರು ಪುಟ್ಟ ಎಲೆಗಳಿವೆ. ಹೂ ಬಿಟ್ಟದ್ದು ಹಳೆಯ ರೆಂಬೆಯಿಂದ ನೇರವಾಗಿ ಅಲ್ಲ, ಈ ವರ್ಷದ ಕಿರುಚಿಗುರಿನ ತುದಿಯಲ್ಲಿ ಎನ್ನುವುದಕ್ಕೆ ಇದೇ ಸಾಕ್ಷಿ. ಕಡ್ಡಿಯ ಉದ್ದ 8ರಿಂದ 15 ಸೆಂ.ಮೀ., ಅದರ ಮೇಲೆ ಹದಿನೈದರಿಂದ ಮೂವತ್ತೈದು ಹೂ. ಬುಡದವು ಮೊದಲು ಅರಳುತ್ತವೆ. ಹಾಗಾಗಿ ಒಂದೇ ಗೊಂಚಲಿನಲ್ಲಿ ಬುಡಕ್ಕೆ ಕಂದಿದ ಹೂ, ನಡುವೆ ಬಿರಿದದ್ದು, ತುದಿಗೆ ಮೊಗ್ಗು ಒಟ್ಟಿಗೆ ಸಿಗುತ್ತವೆ. ನಡುವಿನ ಒಂದು ಹೂವಿಗೆ ಲೆನ್ಸ್ ಹಿಡಿಯಿರಿ. ಐದು ಎಸಳು, ಅಂಚು ನುಣುಪಲ್ಲ, ಸಣ್ಣದಾಗಿ ಕಚ್ಚಿಕಚ್ಚಿ ಇದೆ. ಎಸಳಿಗಿಂತ ಮೋಟಾದ ಇಪ್ಪತ್ತರ ಸುಮಾರಿನ ಕೇಸರಗಳು ಬಟ್ಟಲಿನ ಅಂಚಿನಿಂದ ಎದ್ದಿವೆ, ಲಿನೇಯಸ್ ಎಣಿಸಿದ್ದು ಇದನ್ನೇ. ಬಟ್ಟಲಿನ ಒಳಗೋಡೆಯಲ್ಲಿ ಬಿಳಿ ರೋಮ ಇದೆಯೇ ನೋಡಿ. ಇದ್ದರೆ ಹೆಗ್. ನುಣ್ಣಗಿದ್ದರೆ ಅಮೆರಿಕದಿಂದ ತಂದು ನೆಟ್ಟ ಪ್ರೂನಸ್ ಸೆರೋಟಿನ ಎಂದು ಅನುಮಾನಿಸಬೇಕು.

ಆ ಅಮೆರಿಕದ ಮರ ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ ತಾನಾಗಿ ಹಬ್ಬಿಕೊಂಡಿದೆ. ಎರಡನ್ನೂ ಅದಲುಬದಲು ಮಾಡುವುದು ಸಾಮಾನ್ಯ. ಹೂ ಇಲ್ಲದಾಗ ಎಲೆ ನೋಡಬೇಕು. ಹೆಗ್ ಎಲೆಯ ಮೇಲ್ಮೈ ಮಾಸಲು, ನರಗಳು ಒಳಗೊತ್ತಿ ಸುಕ್ಕುಗಟ್ಟಿದಂತೆ ಕಾಣುತ್ತದೆ, ಅಂಚಿನ ಹಲ್ಲು ಚೂಪು. ಸೆರೋಟಿನದ್ದು ಮೆರುಗೆಣ್ಣೆ ಹಚ್ಚಿದಷ್ಟು ಹೊಳಪು, ಹಲ್ಲುಗಳು ಒಳಕ್ಕೆ ಬಾಗಿವೆ, ಬೆನ್ನಿನ ನಡುನರದ ಉದ್ದಕ್ಕೆ ಕಂದು ರೋಮದ ಪಟ್ಟಿ ಇರುತ್ತದೆ. ಹಣ್ಣಿನ ಕಾಲದಲ್ಲಾದರೆ ಇನ್ನೂ ಸುಲಭ: ಹಣ್ಣಿನ ತೊಟ್ಟಿನ ತುದಿಯಲ್ಲಿ ಒಣಗಿದ ಪುಷ್ಪಪಾತ್ರೆ ಕಚ್ಚಿಕೊಂಡೇ ಇದ್ದರೆ ಸೆರೋಟಿನ, ಉದುರಿಹೋಗಿದ್ದರೆ ಹೆಗ್.

ಇನ್ನೊಂದು ಗೊಂದಲ ಹೆಸರಿನದೇ. ಹಕ್ಕಿ ಎಂಬರ್ಥದ ಏವಿಯಂ ಎನ್ನುವ ಪದ ಪ್ರೂನಸ್ ಏವಿಯಂ ಆಗಿ ಸಿಹಿ ಚೆರ್ರಿಗೆ ಸೇರಿದೆ, ಬರ್ಡ್ ಚೆರ್ರಿಗಲ್ಲ. ಅದರ ಮೇಲೆ, ಪಾಡಸ್ ಬೇರೆ ಕುಲವೇ ಎಂದು ನಂಬಿದ ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರ್ 1768ರಲ್ಲಿ ನಮ್ಮ ಹೆಗ್ ಮರಕ್ಕೆ ಪಾಡಸ್ ಏವಿಯಂ ಎಂದು ಹೆಸರಿಟ್ಟ. ರಷ್ಯದ ಪುಸ್ತಕಗಳಲ್ಲಿ ಇಂದಿಗೂ ಆ ಹೆಸರು ಚಾಲ್ತಿಯಲ್ಲಿದೆ. ಸಸಿಗೋ ಬೀಜಕ್ಕೋ ಬರೆದು ತರಿಸುವವರು ಏವಿಯಂ ಎಂದಷ್ಟೇ ಬರೆದರೆ ಬರುವುದು ಸಿಹಿ ಚೆರ್ರಿ. ಕುಲನಾಮವನ್ನೂ ಸೇರಿಸಿ ಬರೆಯಬೇಕು. ಸಿಹಿ ಚೆರ್ರಿಯಲ್ಲಿ ಎರಡರಿಂದ ಆರು ಹೂಗಳು ಒಂದೇ ಬಿಂದುವಿನಿಂದ ಕೊಡೆಯಂತೆ ಹೊರಡುತ್ತವೆ, ಕಡ್ಡಿಯೇ ಇಲ್ಲ. ಆ ಉದ್ದನೆಯ ಲ್ಯಾಟಿನ್ ಸಾಲಿನ ಮೊದಲ ಮಾತಿಗೆ ಇರುವ ಬೆಲೆ ಇಲ್ಲಿ ಗೊತ್ತಾಗುತ್ತದೆ. ಪಾಡಸ್ ಬೇರೆ ಕುಲವೋ ಅಲ್ಲವೋ ಎಂಬ ವಾದಕ್ಕೆ ಆಧಾರವಿಲ್ಲದಿಲ್ಲ: ಸಿಹಿ ಚೆರ್ರಿಯ ಜೀವಕೋಶದಲ್ಲಿ 16 ಕ್ರೋಮೋಸೋಮು, ಹೆಗ್ ಮರದಲ್ಲಿ 32. ಆದರೂ ಬಹುಪಾಲು ಸಸ್ಯಶಾಸ್ತ್ರಜ್ಞರು ಪ್ರೂನಸ್ ಒಳಗೇ ಇಟ್ಟಿದ್ದಾರೆ; ಅದೇ ವಾಸಿ.

ಫೋಟೊ ತೆಗೆಯುವವರಿಗೆ: ಬಿಳಿ ಗೊಂಚಲಿನ ಹಿಂದೆ ಕಡುಹಸಿರು ಇರುವುದರಿಂದ ಕ್ಯಾಮೆರಾ ತನ್ನಷ್ಟಕ್ಕೆ ಬಿಟ್ಟರೆ ಎಸಳಿನ ವಿವರವೆಲ್ಲ ಸುಟ್ಟುಹೋಗುತ್ತದೆ. ಬೆಳಕನ್ನು ಮುಕ್ಕಾಲು ಸ್ಟಾಪಿನಷ್ಟು ಇಳಿಸಿ. ಮೋಡದ ದಿನ, ಗಾಳಿ ಏಳುವ ಮುಂಚೆ, ಬೆಳಿಗ್ಗೆ ಒಳ್ಳೆಯದು. ಉದುರಿದ ಗೊಂಚಲುಗಳನ್ನು ಆರಿಸಿ ತಂದು ಕೋಣೆಯಲ್ಲಿಟ್ಟುಕೊಳ್ಳುವ ಆಸೆ ಬೇಡ. ಹೊರಗೆ ಬಾದಾಮಿಯಂತೆ ಹಿತವಾಗಿರುವ ವಾಸನೆ ಮುಚ್ಚಿದ ಕೋಣೆಯಲ್ಲಿ ತಲೆನೋವು ತರುತ್ತದೆ.

ಐದನೆಯ ದಿನ: ಸ್ಕೂಲೆ ಬೆಟ್ಟ

ಎತ್ತರದ ಕರಾವಳಿ ಎಂದು ಕರೆಯುವ ಈ ಪ್ರದೇಶ 2000ದಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಹಿಮಯುಗದ ಮಂಜಿನ ಭಾರ ಇಳಿದ ಮೇಲೆ ನೆಲ ಮೇಲೇಳುತ್ತಲೇ ಇದೆ, ಈಗಲೂ ವರ್ಷಕ್ಕೆ ಸುಮಾರು 8 ಮಿ.ಮೀ. ಸ್ಕೂಲೆ ಬೆಟ್ಟದ ಮೇಲಿನ ಹಳೆಯ ಕಡಲಂಚಿನ ಗುರುತು ಇಂದಿನ ಸಮುದ್ರಮಟ್ಟದಿಂದ 286 ಮೀಟರ್ ಎತ್ತರದಲ್ಲಿದೆ. ರೈಲು ಮಾರ್ಗ ಇಲ್ಲಿ ಬಹಳಷ್ಟು ಸುರಂಗದೊಳಗೇ ಹೋಗುವುದರಿಂದ ಏನೂ ಕಾಣದು. ಹೆದ್ದಾರಿಯ ಬಸ್ ಹಿಡಿದು ಬೆಟ್ಟದ ಬುಡದ ಪ್ರಕೃತಿ ಕೇಂದ್ರದ ಬಳಿ ಇಳಿಯುವುದು ಅನುಕೂಲ.

ಹೆಗ್ ಹುಡುಕಬೇಕಾದದ್ದು ಬಂಡೆಯ ನೆತ್ತಿಯಲ್ಲಲ್ಲ, ತೊರೆ ಇಳಿಯುವ ತಗ್ಗಿನಲ್ಲಿ, ಬೂದು ಆಲ್ಡರ್ ಜೊತೆಗೆ. ತೇವವೂ ಗೊಬ್ಬರದ ಅಂಶವೂ ಇರುವ ಮಣ್ಣು ಅದಕ್ಕೆ ಬೇಕು. ಹರಿಯುವ ನೀರು ಸರಿ, ನಿಂತ ಜೌಗು ಆಗದು. ನೆಲ ಮುಟ್ಟಿದ ರೆಂಬೆ ಅಲ್ಲೇ ಬೇರೂರಿ ಹೊಸ ಕಾಂಡ ಕಳಿಸುತ್ತದೆ, ಬೇರಿನಿಂದಲೂ ಮರಿ ಏಳುತ್ತದೆ. ಆದ್ದರಿಂದ ಪೊದೆಯಲ್ಲಿ ಹತ್ತು ಕಾಂಡ ಕಂಡರೆ ಹತ್ತು ಮರ ಎಂದು ಬರೆದುಕೊಳ್ಳಬಾರದು.

ಇಲ್ಲಿ ಹೆಗ್ ಜೊತೆ ಸ್ಪ್ರೂಸ್ ಕೂಡ ನೋಡಬೇಕು. ನೆಲದ ಮೇಲೆ ಬಿದ್ದ ಕಳೆದ ವರ್ಷದ ಸ್ಪ್ರೂಸ್ ಕಾಯಿಗಳನ್ನು ಎತ್ತಿ ಒಂದೊಂದು ಪೊರೆ ಬಿಡಿಸಿ. ಕೆಲವದರಲ್ಲಿ ಪೊರೆಯ ಒಳಮೈ ತುಂಬ ಒತ್ತೊತ್ತಾಗಿ ಕೆಂಗಂದು ಗುಂಡುಗಳಿರುತ್ತವೆ. ಇದು ಥೆಕೊಪ್ಸೋರ ಅರಿಯೊಲಾಟಾ ಎಂಬ ತುಕ್ಕು ಶಿಲೀಂಧ್ರ. ಆ ಗುಂಡುಗಳ ಬೀಜಕಣ ವಸಂತದಲ್ಲಿ ಹೆಗ್ ಎಲೆಗೆ ಹಾರುತ್ತದೆ, ಬೇಸಿಗೆಯಲ್ಲಿ ಎಲೆಯ ಮೇಲೆ ನೇರಳೆಗೆಂಪು ಮಚ್ಚೆಗಳಾಗಿ ಕಾಣಿಸಿಕೊಳ್ಳುತ್ತದೆ. ಉದುರಿದ ಎಲೆಯಲ್ಲಿ ಚಳಿಗಾಲ ಕಳೆದು ಮರುವಸಂತದಲ್ಲಿ ಸ್ಪ್ರೂಸ್ ಹೆಣ್ಣು ಹೂವಿಗೆ ಮರಳುತ್ತದೆ. ಹೆಗ್ ಮರಕ್ಕೆ ಇದರಿಂದ ಹೆಚ್ಚೇನೂ ಆಗದು. ಸ್ಪ್ರೂಸ್ ಮಾತ್ರ ಬೀಜ ಕಳೆದುಕೊಳ್ಳುತ್ತದೆ. ಅದಕ್ಕೇ ಸ್ಪ್ರೂಸ್ ಬೀಜದ ತೋಟಗಳ ಸುತ್ತ ಹೆಗ್ ಕಡಿದು ತೆಗೆಯುವ ಸಲಹೆ ಇದೆ. ಬುಡ ಉಳಿಸಿ ಕಡಿದರೆ ಮತ್ತೆ ಚಿಗುರಿ ಮೊದಲಿಗಿಂತ ಹೆಚ್ಚು ಎಳೆಎಲೆ ಬಿಡುವುದರಿಂದ ಕೆಲಸ ಕೆಡುತ್ತದೆ.

ಆರನೆಯ ದಿನ: ಉಮಿಯೋ

ಕರಾವಳಿಯ ಈ ರೈಲು ಮಾರ್ಗ ಉಮಿಯೋವರೆಗೆ ತೆರೆದದ್ದು 2010ರಲ್ಲಿ. 1888ರ ಬೆಂಕಿಯ ನಂತರ ಬೀದಿ ಬೀದಿಗೆ ಬರ್ಚ್ ನೆಟ್ಟು ಬರ್ಚ್ ಮರಗಳ ಊರು ಎನಿಸಿಕೊಂಡ ಪಟ್ಟಣ ಇದು. ಊರಾಚೆ ಬಾಗ್‌ಬೊಲೆಯಲ್ಲಿ ಉಮೆ ನದಿಯ ಪಕ್ಕ ‘ಆರ್ಬೊರೇಟಮ್ ನೋರ್’ ಇದೆ, ಉತ್ತರದ ಚಳಿಗೆ ತಾಳುವ ಮರಗಳನ್ನು ಬೆಳೆಸಿ ನೋಡುವ ಜಾಗ. ಹೆಗ್ ಇಲ್ಲಿ ಈಗಷ್ಟೇ ಎಲೆ ಬಿಚ್ಚಿರುತ್ತದೆ, ಗೊಂಚಲು ಹಸಿರುಮೊಗ್ಗಾಗಿ ನೆಟ್ಟಗೆ ನಿಂತಿರುತ್ತದೆ. ಜೋತು ಬೀಳುವುದು ಹೂ ಅರಳಿ ಭಾರವಾದ ಮೇಲೆ. ಗೊಂಚಲು ನೆಟ್ಟಗಿದೆಯೆಂಬ ಒಂದೇ ಕಾರಣಕ್ಕೆ ಬೇರೆ ಪ್ರಭೇದ ಎಂದು ಬರೆದುಕೊಳ್ಳುವ ತಪ್ಪು ಇಂಥ ದಿನಗಳಲ್ಲೇ ಆಗುತ್ತದೆ.

ಏಳನೆಯ ದಿನ: ಅಬಿಸ್ಕೊ

ಉಮಿಯೋದಿಂದ ಬೂಡೆನ್, ಯೆಲ್ಲಿವಾರೆ, ಕಿರುನಾ ದಾಟಿ ರೈಲು ಅಬಿಸ್ಕೊ ಮುಟ್ಟುತ್ತದೆ. ರಾತ್ರಿ ಗಾಡಿಯ ಮಲಗುವ ಸೀಟು ಬೇಗ ತುಂಬುತ್ತದೆ. ಕೊನೆಯ ಹಂತದ್ದು ಕಬ್ಬಿಣದ ಅದಿರು ಸಾಗಿಸುವ ಮಾರ್ಗ. ಹಳಿ ರಿಪೇರಿಯಿಂದ ಗಾಡಿ ನಿಂತು ಬಸ್ಸಿಗೆ ಬದಲಿಸಬೇಕಾಗುವುದುಂಟು, ವಾಪಸಾತಿಗೆ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ಅಬಿಸ್ಕೊದಲ್ಲಿ ನಿಲ್ದಾಣ ಎರಡು: ಅಂಗಡಿಯಿರುವ ಹಳ್ಳಿಗೆ ಒಂದು, 1909ರಲ್ಲಿ ಘೋಷಿಸಿದ ರಾಷ್ಟ್ರೀಯ ಉದ್ಯಾನದ ಬಾಗಿಲಿಗೆ ಇನ್ನೊಂದು. ಚಳಿಗಾಲದ ಹಂಗಾಮು ಮುಗಿದು ಬೇಸಿಗೆಯದು ಶುರುವಾಗುವ ಈ ನಡುಗಾಲದಲ್ಲಿ ತಂಗುದಾಣಗಳು ಮುಚ್ಚಿರಬಹುದು. ಹಾಸಿಗೆ ಖಚಿತವಾಗದೆ ಹೋಗಬಾರದು. ಟೋರ್ನೆ ಸರೋವರದ ಮೇಲೆ ಇನ್ನೂ ಮಂಜುಗಡ್ಡೆ, ಕಾಡಿನಲ್ಲಿ ಕರಗುವ ಹಿಮ, ತೊರೆಗಳಲ್ಲಿ ಪ್ರವಾಹ. ಸೂರ್ಯ ಮುಳುಗುವುದಿಲ್ಲ, ಆದರೆ ಹಿಮದ ಮೇಲ್ಪದರ ಗಟ್ಟಿಯಿದ್ದು ಕಾಲು ಹೂತುಹೋಗದಿರುವುದು ನಸುಕಿನಲ್ಲಿ ಮಾತ್ರ.

ಎಲೆಯಿಲ್ಲದ ಹೆಗ್ ಗುರುತಿಸುವುದು ಮೊಗ್ಗಿನಿಂದ. ದಕ್ಷಿಣಕ್ಕೆ ಮುಖ ಮಾಡಿದ ತೊರೆಯಂಚು, ಬರ್ಚ್ ಕಾಡಿನ ಫಲವತ್ತಾದ ಇಳಿಜಾರು, ಹಳ್ಳಿಯ ಮನೆಯಂಗಳ, ಹುಡುಕಬೇಕಾದದ್ದು ಇಂಥ ಕಡೆ. ಹೆಗ್ ಮೊಗ್ಗು ಉದ್ದ, ಚೂಪು, ಗಾಢ ಕಂದು, ಪೊರೆಗಳ ಅಂಚು ತಿಳಿ ಬಣ್ಣ. ರೋವನ್ ಮೊಗ್ಗಿಗೆ ರೋಮವಿದೆ. ಆಲ್ಡರ್ ಮೊಗ್ಗು ಪುಟ್ಟ ತೊಟ್ಟಿನ ಮೇಲೆ ಕೂತಿರುತ್ತದೆ. ವಿಲೋ ಮೊಗ್ಗಿಗೆ ಒಂದೇ ಪೊರೆ. ಇನ್ನೂ ಅನುಮಾನವಿದ್ದರೆ ಬಿದ್ದ ಕಡ್ಡಿ ಗೀಚಿ ನೋಡಿ, ಕಹಿ ಬಾದಾಮಿಯ ಘಾಟು ಬಂದರೆ ಹೆಗ್. ಆ ಘಾಟಿನ ಹಿಂದಿರುವುದು ಸಯನೈಡ್ ಬಿಡುಗಡೆ ಮಾಡುವ ರಾಸಾಯನಿಕಗಳು. ಮೂಸಿದರೆ ಅಪಾಯವಿಲ್ಲ, ಕಡ್ಡಿ ಜಗಿಯಬಾರದು. ಈ ಮರವನ್ನು ಅಲಂಕಾರಕ್ಕೆ ನೆಟ್ಟಿದ್ದ ಅಲಾಸ್ಕದ ಆಂಕರೇಜ್‌ನಲ್ಲಿ 2011ರ ಚಳಿಗಾಲದಲ್ಲಿ ಮೂಸ್ ಎಂಬ ದೊಡ್ಡ ಜಿಂಕೆಗಳು ರೆಂಬೆ ತಿಂದು ಸತ್ತದ್ದು ದಾಖಲಾಗಿದೆ.

ಉತ್ತರದ ಮರಗಳು ಗಿಡ್ಡ, ಪೊದೆಯಂತೆ ಹರಡಿಕೊಂಡವು. ಎಳೆ ರೆಂಬೆಗಳ ಮೇಲೆ ಮೃದು ರೋಮವಿರುತ್ತದೆ. ಈ ಲಕ್ಷಣ ಹಿಡಿದು ಇವನ್ನು ‘ಬೊರಿಯಾಲಿಸ್’ ಎಂಬ ಉಪಪ್ರಭೇದವಾಗಿ ಬೇರೆ ಮಾಡುವವರಿದ್ದಾರೆ, ಒಪ್ಪದವರೂ ಇದ್ದಾರೆ. ದಾರಿಯುದ್ದಕ್ಕೂ ನೋಡುತ್ತ ಬಂದರೆ ರೋಮ ಎಲ್ಲೋ ಒಂದು ಕಡೆ ಥಟ್ಟನೆ ಶುರುವಾಗುವುದಿಲ್ಲ. ಮಧ್ಯದ ಊರುಗಳಲ್ಲಿ ಅರೆಬರೆ ರೋಮದ ಮರಗಳೇ ಹೆಚ್ಚು ಸಿಗುವುದರಿಂದ ಟಿಪ್ಪಣಿಯಲ್ಲಿ ಉಪಪ್ರಭೇದ ಎಂದು ಬರೆಯುವ ಬದಲು ರೋಮ ಎಷ್ಟು, ಎಲ್ಲಿ ಎಂದು ಬರೆಯುವುದು ಮೇಲು.

ಹಣ್ಣು ನೋಡಬೇಕೆಂದಿರುವವರು ಇದೇ ದಾರಿಯನ್ನು ಆಗಸ್ಟ್‌ನಲ್ಲಿ ಹಿಡಿಯಬಹುದು. ಆಗ ಉಪ್ಸಾಲಾದಲ್ಲಿ ಬಟಾಣಿಗಾತ್ರದ ಕಪ್ಪು ಹಣ್ಣನ್ನು ಹಕ್ಕಿಗಳು ಮುಗಿಸುತ್ತಿರುತ್ತವೆ, ಉತ್ತರದಲ್ಲಿ ಇನ್ನೂ ಹಸಿರಿರುತ್ತದೆ. ತಿರುಳು ತಿನ್ನಬಹುದು, ಬಾಯಿ ಒಗರಾಗಿ ನಾಲಿಗೆ ಎಳೆಯುತ್ತದೆ. ವಾಟೆಯನ್ನು ಕಡಿಯದೆ ಉಗುಳಬೇಕು. ಉಗುಳಿದ್ದನ್ನು ತೊಳೆದು ಲೆನ್ಸ್ ಕೆಳಗೆ ಹಿಡಿದರೆ ಮೈತುಂಬ ಗೀರು, ತಗ್ಗು ಕಾಣುತ್ತದೆ. ಸೆರೋಟಿನದ ವಾಟೆ ನುಣುಪು.